ಇಪ್ಪತ್ತನಾಲ್ಕು ಗೂಟಗಳು

ಮಾರ್ಚ್ 2
ಹವಾಮಾನ ಕೇಂದ್ರ

ಅತ್ತೆಯವರಿಗೆ,

ಕ್ಷೇಮ ಸಮಾಚಾರವನ್ನೆಲ್ಲ ಭಾನುವಾರದ ಮೂರು ನಿಮಿಷದ ಫೋನಿನಲ್ಲಿ ನಿಮ್ಮ ಮಗ ಮುಗಿಸಿಬಿಡುತ್ತಾರೆ. "ಎಲ್ಲಾ ಆರಾಮು, ನಿಂದು ಊಟ ಆಯ್ತಾ?" ಅಷ್ಟೇ. ಈ ದ್ವೀಪಕ್ಕೆಲ್ಲ ಇರುವುದು ಒಂದೇ ಫೋನು, ನನ್ನ ಹಿಂದೆ ನಾಲ್ಕು ಜನ ಸರದಿಯಲ್ಲಿ ನಿಂತಿರುತ್ತಾರೆ. ನಾನು ಹಸಿರುಮನೆಯ ಮಾತು ಎತ್ತುವಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ದೋಣಿ ಹದಿನೈದು ದಿನಕ್ಕೊಮ್ಮೆ ಬರುತ್ತದೆ, ದಯವಿಟ್ಟು ಉತ್ತರ ತಡಮಾಡಬೇಡಿ.

ನಾನು ಹೊರಟ ದಿನ ಹಿತ್ತಲಿನ ಹಸಿರುಮನೆಗೆ ಪೈಪು ನಿಂತಿತ್ತು, ಪ್ಲಾಸ್ಟಿಕ್ ಹೊದಿಸಿಯಾಗಿತ್ತು, ಗೂಟ ಮಾತ್ರ ಹೊಡೆದಿರಲಿಲ್ಲ. ಪಕ್ಕದ ವೆಲ್ಡರ್ ಇಪ್ಪತ್ತನಾಲ್ಕು ಕಬ್ಬಿಣದ ಗೂಟ ಮಾಡಿಕೊಡುತ್ತೇನೆ ಎಂದಿದ್ದ. ಅವನ್ನು ನೆಟ್ಟಗೆ ಹೊಡೆಯಬಾರದು. ತಲೆ ಹೊರಕ್ಕೆ ವಾಲಿರಬೇಕು, ಮೊಣಕಾಲುದ್ದ ಮಣ್ಣಿನೊಳಗೆ ಹೋಗಬೇಕು. ಪ್ಲಾಸ್ಟಿಕ್ಕಿನ ಮೇಲಿಂದ ಹಗ್ಗವನ್ನು ಓರೆಯಾಗಿ ಹಾಯಿಸಿ ಒಂದೊಂದು ಗೂಟಕ್ಕೂ ಬಿಗಿಯಬೇಕು. ಪ್ಲಾಸ್ಟಿಕ್ಕಿನ ಅಂಚನ್ನು ಸುತ್ತಲೂ ತೋಡು ತೆಗೆದು ಹೂತು, ಮಣ್ಣು ತುಳಿಯಬೇಕು. ಗಾಳಿ ಎದ್ದಾಗ ಬಾಗಿಲು ಮುಚ್ಚಿರಲಿ. ಒಳಗೆ ಸೆಕೆ ಎಂದು ತೆರೆದಿಟ್ಟರೆ ಗಾಳಿ ಒಳಹೊಕ್ಕು ಇಡೀ ಮನೆಯನ್ನೇ ಎತ್ತಿಬಿಡುತ್ತದೆ.

ಇದು ನನಗೆ ಹವ್ಯಾಸವಲ್ಲ, ಅತ್ತೆ. ಮೇ ತಿಂಗಳ ಗಾಳಿ ಮುಗಿಯುವವರೆಗೆ ಅದು ನಿಂತರೆ, ಒಳಗಿನ ಮುನ್ನೂರು ಸಸಿ ನರ್ಸರಿಗೆ ಹೋದರೆ, ಬೇಸಾಯದವರು ನನ್ನ ಕೈಯಿಂದ ಸಸಿ ಕೊಳ್ಳುತ್ತಾರೆ ಎಂದು ಗೊತ್ತಾದರೆ, ನಾನು ಈ ಕೆಲಸವನ್ನು ಮುಂದುವರಿಸುವುದಿಲ್ಲ. ಬಿದ್ದರೆ ಇನ್ನೆರಡು ವರ್ಷ ಈ ಬಂಡೆಯ ಮೇಲೆ ಕುಳಿತು ಗಾಳಿ ಅಳೆಯುತ್ತಿರಬೇಕು. ನಿಮ್ಮ ಮಗನಿಗೆ ಎಲ್ಲ ಹೇಳಿದ್ದೇನೆ. ಆದರೂ ನೀವು ಒಮ್ಮೆ ಕಣ್ಣಾರೆ ನೋಡಿ.

ನಿಮ್ಮ ಸೊಸೆ


ಮಾರ್ಚ್ 19

ಸೊಸೆಗೆ,

ನಿನ್ನದು ಪತ್ರವೋ ಆಜ್ಞಾಪತ್ರವೋ ತಿಳಿಯಲಿಲ್ಲ. ಬಾಗಿಲು ಮುಚ್ಚಿ, ಮಣ್ಣು ತುಳಿಯಿರಿ, ಹಗ್ಗ ಬಿಗಿಯಿರಿ. ನಲವತ್ತು ವರ್ಷ ಹೊಲಿಗೆ ಮಶೀನು ತುಳಿದ ಕಾಲಿದು, ಈಗ ನಿನ್ನ ಮಣ್ಣು ತುಳಿಯುವ ಯೋಗ ಬಂದಿದೆ. ಇರಲಿ, ತುಳಿದಿದ್ದೇನೆ.

ಗೂಟದ ವಿಷಯ. ನಿನ್ನ ಗಂಡ ಕಳೆದ ಭಾನುವಾರ ಹಿತ್ತಲಿಗೆ ಹೋಗಿ ಒಂದು ಗಂಟೆ ಸದ್ದು ಮಾಡಿ, ಅಂಗಿಯೆಲ್ಲ ಮಣ್ಣು ಮಾಡಿಕೊಂಡು ಬಂದ. "ಆಯ್ತೇನೋ?" ಅಂದೆ. "ಆಯ್ತಮ್ಮ, ಅಲ್ಲಾಡಲ್ಲ" ಅಂದ. ಆ ಅಂಗಿ ಒಗೆದವಳು ನಾನು. ಹಗ್ಗಗಳೆಲ್ಲ ಮಣ್ಣಿನೊಳಗೆ ಇಳಿದಿವೆ, ಬುಡದಲ್ಲಿ ಮಣ್ಣು ಗುಡ್ಡೆ ಹಾಕಿದ್ದಾನೆ. ನೋಡಲು ಅಚ್ಚುಕಟ್ಟಾಗಿಯೇ ಇದೆ.

ಆದರೆ ಪ್ಲಾಸ್ಟಿಕ್ಕನ್ನು ಹೊದಿಸಿದ್ದು ಯಾರು ತಾಯಿ? ನೀನೇ ತಾನೆ? ಪಡುವಣ ಬದಿಯಲ್ಲಿ ಮಧ್ಯಾಹ್ನ ನೋಡಿದರೆ ಜೋಲು ಬಿದ್ದಿರುತ್ತದೆ. ಅಳತೆ ತೆಗೆಯದೆ ಹೊಲಿದ ಅಂಗಿಯ ಹಾಗೆ ಪಟಪಟ ಎನ್ನುತ್ತದೆ. ಅದರ ಸದ್ದಿಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುವ ಹಾಗಿಲ್ಲ. ನಾನು ಅದನ್ನು ಸರಿಮಾಡಿದ್ದೇನೆ. ನಿನ್ನ ಪತ್ರದಲ್ಲಿ ಅದಕ್ಕೆ ಅಪ್ಪಣೆ ಇರಲಿಲ್ಲ, ಕ್ಷಮಿಸು.

ಇನ್ನೊಂದು ಮಾತು. ನಾನು ಬಟ್ಟೆ ಒಣಹಾಕುತ್ತಿದ್ದ ಜಾಗವನ್ನೇ ನೀನು ಇದಕ್ಕೆ ಹಿಡಿದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಗಿರಾಕಿಗಳ ಬಟ್ಟೆ ಇಸ್ತ್ರಿಗೆ ಮೊದಲು ಅಡುಗೆಮನೆಯಲ್ಲಿ ಒಣಗುತ್ತಿದೆ. ಹೇಳಬಾರದು ಎಂದುಕೊಂಡಿದ್ದೆ, ಹೇಳಿದೆ.

ಸಸಿಗಳು ಚೆನ್ನಾಗಿವೆ. ಟೊಮೆಟೊ ಒಂದು ಗೇಣು ಬಂದಿದೆ.

ನಿನ್ನ ಅತ್ತೆ


ಏಪ್ರಿಲ್ 1

ಅತ್ತೆಯವರಿಗೆ,

"ಸರಿಮಾಡಿದ್ದೇನೆ" ಅಂದರೆ ಏನು? ಏನು ಮಾಡಿದಿರಿ? ಇಷ್ಟುದ್ದ ಬರೆದವರು ಅದನ್ನು ಒಂದು ಸಾಲಿನಲ್ಲಿ ನುಂಗಿಬಿಟ್ಟಿದ್ದೀರಿ.

ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಮಧ್ಯಾಹ್ನ ಸ್ವಲ್ಪ ಜೋಲುವುದು ಅದರ ಗುಣ, ಬೆಳಗ್ಗೆ ನೋಡಿದರೆ ತಮಟೆಯ ಹಾಗೆ ಬಿಗಿಯಾಗಿರುತ್ತದೆ. ನೀವು ಬೆಳಗ್ಗೆ ನೋಡಿದಿರಾ? ಅಳತೆ ತೆಗೆಯದೆ ಹೊದಿಸಲು ನಾನೇನು ದಡ್ಡಿಯೇ? ದಯವಿಟ್ಟು ಅದನ್ನು ಮುಟ್ಟಬೇಡಿ. ನಿಮ್ಮ ಮಗ ಗೂಟ ಹೊಡೆದಿದ್ದರೆ ಅಷ್ಟೇ ಸಾಕು.

ಇಲ್ಲಿ ಗಾಳಿ ಶುರುವಾಗಿದೆ. ನಿನ್ನೆ ಮಧ್ಯಾಹ್ನ ಗಂಟೆಗೆ ಎಪ್ಪತ್ತು ಕಿಲೋಮೀಟರ್ ತೋರಿಸಿತು. ನಾನು ಅಂಕಿ ಬರೆದುಕೊಳ್ಳುತ್ತಾ ನಿಮ್ಮ ಹಿತ್ತಲನ್ನೇ ನೆನೆಯುತ್ತಿದ್ದೆ. ಇದೇ ಗಾಳಿ ಹತ್ತು ಹನ್ನೆರಡು ದಿನದಲ್ಲಿ ಅಲ್ಲಿಗೂ ಬರುತ್ತದೆ.

ಬಟ್ಟೆ ಒಣಹಾಕುವ ಜಾಗದ ಬಗ್ಗೆ: ಕೇಳಬೇಕಿತ್ತು, ಕೇಳಲಿಲ್ಲ, ತಪ್ಪಾಯಿತು. ಆದರೆ ನಿಮ್ಮ ಮಗನಿಗೆ ಹೇಳಿ ಕೇಳಿಸಿದ್ದೆ. ನೀವು ಒಪ್ಪಿದಿರಿ ಎಂದು ಅವರು ಹೇಳಿದರು. ಕೇಳಿದರೋ ಇಲ್ಲವೋ ಅವರನ್ನೇ ಕೇಳಿ.

ಮುಂದುವರಿಕೆಯ ಅರ್ಜಿ ಕೈಗೆ ಬಂದಿದೆ. ಅದರಲ್ಲಿ ನನ್ನ ಸಹಿಯ ಕೆಳಗೆ ಮನೆಯವರದ್ದೂ ಒಂದು ಸಹಿ ಬೇಕು. ಮೇ ಮೂವತ್ತೊಂದರೊಳಗೆ ಊರಿನ ಕಚೇರಿಗೆ ಅದು ತಲುಪದಿದ್ದರೆ ಜೂನ್ ಹತ್ತಕ್ಕೆ ಕೆಲಸ ತಾನಾಗಿ ಮುಗಿಯುತ್ತದೆ. ಸದ್ಯಕ್ಕೆ ಅದನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ, ಕಣ್ಣಿಗೆ ಬೀಳದ ಹಾಗೆ.

ನಿಮ್ಮ ಸೊಸೆ


ಏಪ್ರಿಲ್ 16

ಸೊಸೆಗೆ,

ಹನ್ನೊಂದನೇ ತಾರೀಕು ಮಧ್ಯಾಹ್ನ ಗಾಳಿ ಬಂತು. ಪಡುವಣ ಬದಿಯ ಪ್ಲಾಸ್ಟಿಕ್ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ಹರಿಯಿತು. ಗಾಳಿ ಒಳಗೆ ನುಗ್ಗಿ ಆ ಬದಿಯ ಪೈಪುಗಳನ್ನು ಎತ್ತಿತು. ನಾನೂ ವೆಲ್ಡರನೂ ಜೋತುಬಿದ್ದು ಹಿಡಿದುಕೊಂಡದ್ದಕ್ಕೆ ಪೂರ್ತಿ ಹಾರಿಹೋಗಲಿಲ್ಲ. ನೂರಾ ಹತ್ತು ಸಸಿ ಹೋದವು. ಉಳಿದ ಟ್ರೇಗಳನ್ನು ನನ್ನ ಹೊಲಿಗೆ ಕೋಣೆಯಲ್ಲಿ ಇಟ್ಟಿದ್ದೇನೆ.

ನಿನ್ನ ಗಂಡ ಆಗ ಮನೆಯಲ್ಲಿರಲಿಲ್ಲ. ಬಂದು ನೋಡಿ, "ಬಿಡಮ್ಮ, ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತು" ಅಂದ.

ಜಾಗದ ವಿಷಯ ಅವನು ನನ್ನನ್ನು ಕೇಳಿರಲಿಲ್ಲ. ವಿಚಾರಿಸಿದೆ. "ಕೇಳಿದ ಹಾಗೆ ನೆನಪು" ಅಂದ.

ಬಾಗಿಲು ಮುಚ್ಚಿಯೇ ಇತ್ತು. ನಾನೇ ಮುಚ್ಚಿದ್ದೆ. ಇನ್ನೇನು ಬರೆಯಲಿ.

ನಿನ್ನ ಅತ್ತೆ


ಏಪ್ರಿಲ್ 29

ಅತ್ತೆಯವರಿಗೆ,

ನಾನು ದಿನಕ್ಕೆ ಎಂಟು ಸಲ ಗಾಳಿ ಅಳೆಯುವವಳು. ಗಾಳಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನನಗೆ ಗೊತ್ತು. ಗಾಳಿ ಪ್ಲಾಸ್ಟಿಕ್ಕನ್ನು ಅಡ್ಡಾದಿಡ್ಡಿ ಸೀಳುತ್ತದೆ, ಪೈಪು ತಗುಲಿದ ಕಡೆ ತೂತು ಮಾಡುತ್ತದೆ, ಅಂಚಿನಲ್ಲಿ ಕಿತ್ತುಹಾಕುತ್ತದೆ. ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ಹರಿಯುವುದಿಲ್ಲ. ಹಾಗೆ ಹರಿಯುವುದು ಕತ್ತರಿಗೆ ಮಾತ್ರ.

ನಿಮ್ಮ ಪತ್ರವನ್ನು ಎಂಟು ಸಲ ಓದಿದೆ. ಮಾರ್ಚ್‌ನಲ್ಲಿ "ಸರಿಮಾಡಿದ್ದೇನೆ" ಎಂದಿರಿ. ಏನು ಮಾಡಿದಿರಿ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಬಟ್ಟೆ ಒಣಹಾಕುವ ಜಾಗ ಹೋಯಿತು ಎಂಬ ಹೊಟ್ಟೆಯುರಿ ಮಾತ್ರ ಪತ್ರದ ತುಂಬ ಇತ್ತು. ನನಗೆ ಎರಡಕ್ಕೆ ಎರಡು ಕೂಡಿಸಲು ಬರುತ್ತದೆ. ಇಷ್ಟು ದೊಡ್ಡ ಮಾತು ಬರೆಯಬಾರದು, ಆದರೂ ಬರೆಯುತ್ತೇನೆ: ನಿಮಗೆ ಅದು ಬೇಡವಾಗಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಕತ್ತರಿ ಎತ್ತಬೇಕಿರಲಿಲ್ಲ.

ಮದುವೆಯಾಗಿ ಆರು ವರ್ಷ. ಆ ಮನೆಯಲ್ಲಿ ನನ್ನದು ಎಂದು ನಾನು ಕಟ್ಟಿಕೊಂಡದ್ದು ಅದೊಂದೇ. ಹದಿನಾಲ್ಕು ಅಡಿ ಉದ್ದ, ಎಂಟು ಅಡಿ ಅಗಲ. ಅದೂ ನಿಮ್ಮ ಕಣ್ಣಿಗೆ ಚುಚ್ಚಿತು.

ಭಾನುವಾರ ಫೋನಿನಲ್ಲಿ ನಿಮ್ಮ ಮಗ, "ಹೋಗ್ಲಿ ಬಿಡು, ನಿನಗೆ ಆ ಕೆಲಸ ಇದೆಯಲ್ಲ" ಅಂದರು. ಆ ದನಿಯಲ್ಲಿ ಎಷ್ಟು ಸಮಾಧಾನವಿತ್ತೆಂದರೆ ನನಗೆ ಅಳು ಬಂತು. ಅರ್ಜಿಗೆ ಸಹಿ ಹಾಕಿದ್ದೇನೆ. ಇದೇ ದೋಣಿಯಲ್ಲಿ ಅವರ ಹೆಸರಿಗೆ ಬೇರೆ ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಅವರು ಸಹಿ ಹಾಕಿ ಕಚೇರಿಗೆ ಕೊಡಲಿ. ಇನ್ನೆರಡು ವರ್ಷ ನಿಮ್ಮ ಹಿತ್ತಲು ನಿಮಗೇ ಇರಲಿ. ಧಾರಾಳವಾಗಿ ಬಟ್ಟೆ ಒಣಹಾಕಿ.

ಉಳಿದ ಸಸಿಗಳನ್ನು ಯಾರಿಗಾದರೂ ಕೊಟ್ಟುಬಿಡಿ.

ಸೊಸೆ


ಮೇ 12

ಸೊಸೆಗೆ,

ನಿನ್ನ ಪತ್ರ ಮೊನ್ನೆ ಬಂತು. ಓದಿ ಮೈಯೆಲ್ಲ ಉರಿದುಹೋಯಿತು. ಹರಿದು ಒಲೆಗೆ ಹಾಕೋಣ ಎಂದು ಎದ್ದವಳು ಮತ್ತೆ ಕೂತೆ. ಕತ್ತರಿ ಎಂದೆಯಲ್ಲ, ಆ ಮಾತಿಗೆ ನಿನ್ನನ್ನು ನಾನು ಸುಲಭಕ್ಕೆ ಬಿಡುವುದಿಲ್ಲ. ನಲವತ್ತು ವರ್ಷದಲ್ಲಿ ಒಬ್ಬರ ಬಟ್ಟೆಯನ್ನು ಒಂದು ನೂಲಿನಷ್ಟು ಹೆಚ್ಚು ಕತ್ತರಿಸಿದವಳಲ್ಲ ನಾನು. ಇನ್ನೊಬ್ಬರು ಆಸೆಯಿಂದ ಕಟ್ಟಿದ್ದಕ್ಕೆ ಕತ್ತರಿ ಹಾಕುತ್ತೇನೆಯೇ? ಹಾಗೆಂದು ಆರು ವರ್ಷ ನನ್ನ ಕೈಯಡುಗೆ ಉಂಡವಳು ಬರೆದಳಲ್ಲ!

ಈಗ ನನ್ನ ತಪ್ಪು ಕೇಳು. ನಾನು ಕತ್ತರಿಸಲಿಲ್ಲ, ಹೊಲಿದೆ.

ಮಾರ್ಚ್‌ನಲ್ಲಿ ಆ ಜೋಲು ನೋಡಿ ಸಹಿಸಲಾಗಲಿಲ್ಲ. ಪಡುವಣ ಬದಿಯ ಅಂಚನ್ನು ಮಣ್ಣಿನಿಂದ ಬಿಡಿಸಿ, ಮಶೀನನ್ನೇ ಹಿತ್ತಲಿಗೆ ಎಳೆದು ತಂದು, ಸಡಿಲವಾದದ್ದನ್ನು ಒಳಮಡಚಿ ಮೇಲಿನಿಂದ ಕೆಳಗಿನವರೆಗೆ ಎರಡು ಸಾಲು ಹೊಲಿಗೆ ಹಾಕಿದೆ. ಎಂಥ ನೇರ ಹೊಲಿಗೆ ಗೊತ್ತೇ? ನೋಡಿ ನಾನೇ ಬೀಗಿದೆ. ಬಟ್ಟೆಯಲ್ಲಿ ಸೂಜಿ ಹೋದರೆ ನೂಲು ಸರಿದು ಜಾಗ ಕೊಡುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸೂಜಿ ಹೋದರೆ ತೂತು, ಅಷ್ಟೇ. ಎರಡು ಸಾಲು ತೂತು ಕೊರೆದು ಗಾಳಿಗೆ ದಾರಿ ಮಾಡಿಕೊಟ್ಟವಳು ನಾನು. ಹರಿದ ದಿನವೇ ಗೊತ್ತಾಯಿತು. ಬರೆಯಲು ನಾಚಿಕೆಯಾಯಿತು. ದರ್ಜಿಯಾಗಿ ಹೊಲಿಗೆಯಲ್ಲೇ ಎಡವಿದೆ ಎಂದು ಸೊಸೆಗೆ ಹೇಗೆ ಬರೆಯುವುದು? ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಕ್ಕೆ ನೀನು ಏನೇನೋ ಕಲ್ಪಿಸಿಕೊಂಡು ಸಹಿ ಹಾಕಿಬಿಟ್ಟೆ. ಅದು ನನ್ನ ತಲೆಯ ಮೇಲೆ.

ಆದರೆ ಪೈಪುಗಳು ಎದ್ದದ್ದು ಯಾಕೆ? ಅದು ಹೊಲಿಗೆಯಿಂದಲ್ಲವಲ್ಲ. ಅವತ್ತಿನ ಗಡಿಬಿಡಿಯಲ್ಲಿ ಹಗ್ಗದ ಬುಡ ನೋಡಿರಲಿಲ್ಲ. ನಿನ್ನ ಪತ್ರ ಓದಿದ ಸಿಟ್ಟಿಗೆ ಹಿತ್ತಲಿಗೆ ಹೋಗಿ, ನನ್ನ ಮಗ ಕಟ್ಟಿದ್ದು ಎಷ್ಟು ಗಟ್ಟಿ ಎಂದು ನನಗೇ ತೋರಿಸಿಕೊಳ್ಳಲು ಒಂದು ಹಗ್ಗ ಹಿಡಿದು ಎಳೆದೆ. ಬುಡದಿಂದ ಅರ್ಧ ಇಟ್ಟಿಗೆ ಎದ್ದು ಬಂತು. ಇನ್ನೊಂದು ಎಳೆದೆ, ಅದರಲ್ಲೂ ಇಟ್ಟಿಗೆ ಚೂರು. ಇಪ್ಪತ್ತನಾಲ್ಕು ಹಗ್ಗಕ್ಕೂ ಅಂಗೈ ಆಳದಲ್ಲಿ ಇಟ್ಟಿಗೆ ಕಟ್ಟಿ, ಮೇಲೆ ಮಣ್ಣಿನ ಗುಡ್ಡೆ ಮಾಡಿ, ಅಂಗಿಗೆ ಮಣ್ಣು ಬಳಿದುಕೊಂಡು ಬಂದಿದ್ದಾನೆ. ವೆಲ್ಡರನನ್ನು ಕೇಳಿದರೆ, "ಗೂಟ ಫೆಬ್ರವರಿಯಲ್ಲೇ ಕೊಟ್ಟಿದ್ದೀನಲ್ಲಮ್ಮ, ನಿಮ್ಮ ಮಗನ ಕೈಗೇ" ಅಂದ. ಮನೆಯೆಲ್ಲ ಹುಡುಕಿದೆ. ಅವನ ಮಂಚದ ಕೆಳಗೆ ಗೋಣಿಚೀಲದಲ್ಲಿ ಇಪ್ಪತ್ತನಾಲ್ಕೂ ಇದ್ದವು. ಒಂದಕ್ಕೂ ಮಣ್ಣು ತಾಗಿರಲಿಲ್ಲ.

ಸಂಜೆ ಅವನು ಬಂದು ಕಾಫಿ ಕೇಳಿದ. ಚೀಲವನ್ನು ಮೇಜಿನ ಮೇಲೆ ಸುರಿದೆ.

"ಇದೇನೋ?"

"ಅಮ್ಮ, ಸ್ವಲ್ಪ ಕೇಳು. ಅಂಥ ಕೆಲಸ ಬಿಟ್ಟು ಸಸಿ ಮಾರ್ತೀನಿ ಅಂತಾಳೆ. ನಾನು ಬೇಡ ಅಂದ್ರೆ ಜಗಳ. ಅದು ಬಿದ್ರೆ ಅವಳೇ ತಣ್ಣಗಾಗ್ತಾಳೆ ಅಂದ್ಕೊಂಡೆ."

"ಬೇಡ ಅಂತ ಅವಳಿಗೆ ಒಂದು ಸಲನಾದ್ರೂ ಹೇಳಿದ್ಯಾ?"

"ಹೇಳೋದು ಹೇಗಮ್ಮ, ಅವಳು ಅಷ್ಟು ಖುಷಿಯಾಗಿದ್ಲು."

ಇದು ಅವನ ಒಳ್ಳೆಯತನವಂತೆ! ಎದುರಿಗೆ ಬೇಡ ಎನ್ನಲು ಬಾಯಿಲ್ಲ, ಬೆನ್ನ ಹಿಂದೆ ಗೂಟ ಬಚ್ಚಿಡಲು ಕೈ ಇದೆ. ನನ್ನ ಮುಂದೆ ನಿನ್ನನ್ನು ದೂರಲಿಲ್ಲ, ನಿನ್ನ ಮುಂದೆ ನನ್ನನ್ನು ದೂರಲಿಲ್ಲ, ಇಬ್ಬರೂ ಕಿತ್ತಾಡಿಕೊಳ್ಳುವಾಗ ಸುಮ್ಮನೆ ಕಾಫಿ ಕುಡಿದುಕೊಂಡಿದ್ದ. ನಿಜ ಹೇಳಿದರೆ ನೀನಿಲ್ಲದ ಮನೆ ಅವನಿಗೆ ಹಾಯಾಗಿದೆ. ಬಟ್ಟೆಗೆ, ಊಟಕ್ಕೆ ನಾನಿದ್ದೇನೆ. ಇವನನ್ನು ಹೀಗೆ ಬೆಳೆಸಿದವಳೂ ನಾನೇ. ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಕಾಫಿ ಮಾಡಿಕೊಡಲಿಲ್ಲ. ನಿನ್ನೆಯಿಂದ ಅವನ ಅಂಗಿ ಅವನೇ ಒಗೆಯುತ್ತಿದ್ದಾನೆ.

ನಿನ್ನೆ ಇವತ್ತು ಎರಡು ದಿನ ಹೊಲಿಗೆ ಮುಟ್ಟಲಿಲ್ಲ. ಗೂಟ ನಾನೇ ಹೊಡೆದೆ. ತಲೆ ಹೊರಕ್ಕೆ ವಾಲಿಸಿ, ಮೊಣಕಾಲುದ್ದ. ನೀನು ಮಾರ್ಚ್‌ನಲ್ಲಿ ಬರೆದ ಪತ್ರವನ್ನು ಕಲ್ಲಿನ ಕೆಳಗಿಟ್ಟು ನೋಡಿ ನೋಡಿ ಹೊಡೆದೆ. ಹನ್ನೆರಡಾದ ಮೇಲೆ ತೋಳು ಬಿದ್ದುಹೋಯಿತು, ಉಳಿದವನ್ನು ವೆಲ್ಡರ್ ಹೊಡೆದ. ಹರಿದ ಕಡೆಗೆ ಹೊಸ ಪ್ಲಾಸ್ಟಿಕ್ ಹಾಕಿದ್ದೇವೆ. ಸೂಜಿ ಮುಟ್ಟಿಸಿಲ್ಲ, ಹೆದರಬೇಡ. ಅಂಚನ್ನು ಮರದ ರೀಪಿಗೆ ಸುತ್ತಿ, ಮೇಲೆ ಇನ್ನೊಂದು ರೀಪು ಇಟ್ಟು ಸ್ಕ್ರೂ ಬಿಗಿದು, ಸಸಿಯ ಟ್ರೇಗಳನ್ನು ಮತ್ತೆ ಒಳಗಿಟ್ಟಿದ್ದೇವೆ. ಹೊಲಿಯಲು ಕೊಟ್ಟು ವರ್ಷಗಟ್ಟಲೆ ವಾಪಸು ಬಾರದವರ ಪ್ಯಾಂಟುಗಳು ಹದಿನೇಳು ಇದ್ದವು. ಕಾಲಿನ ತುದಿ ಹೊಲಿದು, ಮರಳು ತುಂಬಿ, ಸೊಂಟ ಹೊಲಿದು ಅಂಚಿನುದ್ದಕ್ಕೂ ಮಲಗಿಸಿದ್ದೇನೆ. ವೆಲ್ಡರ್ ನೋಡಿ, "ಏನಮ್ಮ, ಹಿತ್ತಲಲ್ಲಿ ಇಷ್ಟೊಂದು ಗಂಡಸರು ಮಲಗಿದಾರೆ?" ಅಂದ. "ಮಲಗಿಯಾದ್ರೂ ಒಂದು ಕೆಲಸಕ್ಕೆ ಬರ್ಲಿ" ಅಂದೆ.

ಮೇ 15, ಬೆಳಗ್ಗೆ

ದೋಣಿ ನಾಳೆ ಹೊರಡುತ್ತದೆ, ಅದಕ್ಕೇ ಪತ್ರ ಮುಚ್ಚಿರಲಿಲ್ಲ. ನಿನ್ನೆ ಮಧ್ಯಾಹ್ನ ಗಾಳಿ ಬಂತು. ಹೋದ ಸಲಕ್ಕಿಂತ ಜೋರು. ಎದುರು ಮನೆಯ ತಗಡು ಬೀದಿಗೆ ಬಿತ್ತು, ನಮ್ಮ ನೀರಿನ ಡ್ರಮ್ಮು ಉರುಳಿಹೋಯಿತು. ನಾನು ಬಾಗಿಲು ಮುಚ್ಚಿ ಹೊರಗೇ ನಿಂತಿದ್ದೆ. ನಿನ್ನ ಹಸಿರುಮನೆ ಒಂದು ಸಲ ಉಬ್ಬಿತು, ಕೂತಿತು, ಮತ್ತೆ ಉಬ್ಬಿತು. ಹಗ್ಗ ಕಿರುಗುಟ್ಟಿತು. ಒಂದು ಗೂಟವೂ ಅಲ್ಲಾಡಲಿಲ್ಲ. ಎರಡು ಗಂಟೆ ಹೀಗೇ. ಆಮೇಲೆ ಒಳಗೆ ಹೋಗಿ ಎಣಿಸಿದೆ. ನೂರಾ ತೊಂಬತ್ತು ಸಸಿ ಇವೆ. ನರ್ಸರಿಯವರು ಬಂದು ನೋಡಿ, ಇಷ್ಟನ್ನೂ ತೆಗೆದುಕೊಳ್ಳುತ್ತೇವೆ, ಮುಂದಿನ ಸಲ ಮುನ್ನೂರು ಬೇಕು ಅಂದರು. ಸುಳ್ಳಲ್ಲ. ಈ ಪತ್ರದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ.

ಈಗ ಮುಖ್ಯವಾದ ಮಾತು. ನೀನು ಅವನ ಹೆಸರಿಗೆ ಕಳಿಸಿದ ಲಕೋಟೆ ಅದೇ ದೋಣಿಯಲ್ಲಿ ಬಂತು. ಅವನು ಮನೆಯಲ್ಲಿರಲಿಲ್ಲ, ಪೋಸ್ಟ್‌ಮ್ಯಾನ್ ನನ್ನ ಕೈಗೆ ಕೊಟ್ಟ. ನಾನು ಅದನ್ನು ಅವನಿಗೆ ಕೊಟ್ಟಿಲ್ಲ. ಬೇರೆಯವರ ಟಪಾಲು ಹಿಡಿದಿಟ್ಟುಕೊಂಡದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಒಡೆದಿಲ್ಲ. ಒಡೆಯುವುದಿಲ್ಲ. ಕೊಟ್ಟರೆ ಅವನು ಅರ್ಧ ಗಂಟೆಯಲ್ಲಿ ಸಹಿ ಹಾಕಿ ಕಚೇರಿಗೆ ಓಡುತ್ತಾನೆ, ಅದಕ್ಕೆ ಮಾತ್ರ ಅವನ ಕಾಲು ಚುರುಕು. ಕೊಡದಿದ್ದರೆ ಮೂವತ್ತೊಂದಕ್ಕೆ ಎಲ್ಲ ಮುಗಿಯುತ್ತದೆ.

ನನಗೆ ಏನು ಬೇಕೋ ಅದನ್ನು ಮಾಡಿ, ಆಮೇಲೆ ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಹೇಳಬಹುದು. ನನ್ನ ಮಗ ಮಾಡಿದ್ದು ಅದನ್ನೇ. ನಾನು ಮಾಡುವುದಿಲ್ಲ. ಕೊಡಲೋ, ಸುಡಲೋ, ನೀನು ಬರೆ. ಭಾನುವಾರದ ಫೋನಿನಲ್ಲಿ ಹೇಳಬೇಡ, ಅದನ್ನು ಎತ್ತುವುದು ಅವನು. ನಿನ್ನ ಕೈಬರಹದಲ್ಲೇ ಬರಲಿ. ಬಾರದಿದ್ದರೆ ಮೂವತ್ತೊಂದನೇ ತಾರೀಕು ಬೆಳಗ್ಗೆ ಲಕೋಟೆಯನ್ನು ಅವನ ಕೈಗೆ ಕೊಡುತ್ತೇನೆ, ಯಾಕೆಂದರೆ ಅದು ನೀನು ಕಳಿಸಿದ್ದು.

ಕತ್ತರಿಯ ಮಾತಿಗೆ ನನಗಿನ್ನೂ ಸಿಟ್ಟಿದೆ.

ನಿನ್ನ ಅತ್ತೆ


ಮೇ 24

ಅತ್ತೆ,

ದೋಣಿ ಒಂದು ಗಂಟೆಯಲ್ಲಿ ಹಿಂದಿರುಗುತ್ತದೆ, ಮೂವತ್ತೊಂದಕ್ಕೆ ಮೊದಲೇ ಈ ಪತ್ರ ನಿಮ್ಮ ಕೈ ಸೇರುತ್ತದೆ, ಸಾಮಾನು ಇಳಿಸುವವರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಕತ್ತರಿಯ ಮಾತು ತಪ್ಪಾಯಿತು. ನೀವು ಬೈಯಿರಿ, ಎಷ್ಟು ಬೇಕೋ ಅಷ್ಟು ಬೈಯಿರಿ, ನಿಂತು ಕೇಳುತ್ತೇನೆ. ಆದರೆ ನನಗೂ ನಿಮ್ಮ ಮೇಲೆ ಸಿಟ್ಟಿದೆ. ಹೊಲಿದೆ ಎಂದು ಏಪ್ರಿಲ್‌ನಲ್ಲೇ ಒಂದು ಸಾಲು ಬರೆದಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪ್ಲಾಸ್ಟಿಕ್ಕಿಗೆ ಎರಡು ಸಾಲು ಹೊಲಿಗೆ! ಇಲ್ಲಿ ಗಾಳಿ ಅಳೆಯುವ ಯಂತ್ರದ ಕೆಳಗೆ ಒಬ್ಬಳೇ ನಿಂತು ಅದನ್ನು ನೆನೆದು ಈಗ ನಕ್ಕೆ, ಆಮೇಲೆ ಅತ್ತುಬಿಟ್ಟೆ.

ಇಟ್ಟಿಗೆಯ ವಿಷಯ ಓದಿದಾಗ ಅಳು ಬರಲಿಲ್ಲ. ಮೂರು ತಿಂಗಳು ಪ್ರತಿ ಭಾನುವಾರ "ಎಲ್ಲಾ ಆರಾಮು" ಎಂದ ದನಿಯೇ ಕಿವಿಯಲ್ಲಿತ್ತು. ಅವರು ಬೇಡ ಎಂದಿದ್ದರೆ ನಾವಿಬ್ಬರೂ ಕೂತು ಜಗಳವಾಡುತ್ತಿದ್ದೆವು. ಯಾರೋ ಒಬ್ಬರು ಗೆಲ್ಲುತ್ತಿದ್ದರು. ಜಗಳವಾಡುವಷ್ಟೂ ಬೆಲೆ ನನಗೆ ಕೊಡಲಿಲ್ಲವಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ.

ಲಕೋಟೆಯನ್ನು ಸುಟ್ಟುಬಿಡಿ. ಜೂನ್ ಇಪ್ಪತ್ಮೂರರ ದೋಣಿಗೆ ಬರುತ್ತಿದ್ದೇನೆ. ಆ ಮನೆಯಲ್ಲಿ ನಾನು ಹೆಂಡತಿಯಾಗಿ ಇರುತ್ತೇನೋ ಇಲ್ಲವೋ ಈಗ ಹೇಳಲಾರೆ. ನಿಮ್ಮ ಹೊಲಿಗೆ ಕೋಣೆಯಲ್ಲಿ ಒಂದು ಹಾಸಿಗೆಗೆ ಜಾಗ ಮಾಡಿ.

ನಾನು ಬರುವ ದಿನವನ್ನು ನಿಮ್ಮ ಮಗನಿಗೆ ಹೇಳಬೇಡಿ. ಈ ಪತ್ರವನ್ನೂ ತೋರಿಸಬೇಡಿ. ಬಾಗಿಲು ಅವರೇ ತೆಗೆಯಲಿ, ನಾನು ಅವರೆದುರು ನಿಂತು ಬಾಯಿಬಿಟ್ಟು ಕೇಳಬೇಕು.

ನಿಮ್ಮ ಸೊಸೆ